ಉಂಡು ಹೋದವರು

ಅವರು ಊಟ ಮಾಡುವುದನ್ನು ನೀವು ನೋಡಬೇಕಿತ್ತು. ಒಂದೇ ಕೋಣೆಯ ಮನೆ, ಮೂಲೆಯಲ್ಲಿ ಗ್ಯಾಸ್ ಒಲೆ, ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ. ಅದರ ಕೆಳಗೆ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಮನೆಯ ಹೆಂಗಸು ಏನು ಬಡಿಸಿದರೂ ಬೇಡವೆನ್ನದೆ ಉಣ್ಣುತ್ತಿದ್ದರು. ಎರಡನೇ ಸಲದ ಸಾರನ್ನು ತಾವೇ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ತಟ್ಟೆಯನ್ನು ಬೆರಳಿನಿಂದ ಬಳಿದು, ಬೆರಳು ನೆಕ್ಕಿ, "ಇಂಥ ಊಟ ನನಗೆ ನನ್ನ ಮನೆಯಲ್ಲೇ ಸಿಗುವುದಿಲ್ಲ" ಎಂದು ಆ ಮನೆಯವರ ಭಾಷೆಯಲ್ಲೇ ಹೇಳುತ್ತಿದ್ದರು. ತಟ್ಟೆ ತೊಳೆಯಲು ಎದ್ದರೆ ಹೆಂಗಸರು ನಾಚಿಕೊಂಡು ಕೈಯಿಂದ ಕಸಿದುಕೊಳ್ಳುತ್ತಿದ್ದರು. ಅದಾಗಿ ವಾರ ಕಳೆಯುವುದರೊಳಗೆ ಆ ಮನೆಯಲ್ಲಿ ದುಡಿಯುವವರ ಕೆಲಸ ಹೋಗಿರುತ್ತಿತ್ತು.

ಅವರ ಹೆಸರು ಬರೆಯುವುದಿಲ್ಲ. ತಮಿಳುನಾಡಿನ ಕ್ರೋಂಪೇಟೆಯ ಒಂದು ಶೂ ಕಾರ್ಖಾನೆಯಲ್ಲಿ ಪರ್ಸನೆಲ್ ಮ್ಯಾನೇಜರ್ ಆಗಿದ್ದರು. ಅಂದರೆ ಕೆಲಸಕ್ಕೆ ಸೇರಿಸಿಕೊಳ್ಳುವವರು, ರಜೆ ಕೊಡುವವರು, ಕೆಲಸ ಬಿಡಿಸುವವರು ಎಲ್ಲಾ ಅವರೇ. ನಾನು ಅಲ್ಲಿನ ಕಟಿಂಗ್ ಸೆಕ್ಷನ್ನಿನಲ್ಲಿ ಚರ್ಮ ಕತ್ತರಿಸುತ್ತಿದ್ದೆ. ಹೋದ ವಾರ ಅವರು ತೀರಿಕೊಂಡರು. ಸತ್ತವರಿಗೆ ಬಹುವಚನ ಕೊಡಬೇಕೆನ್ನುತ್ತಾರೆ, ಕೊಟ್ಟಿದ್ದೇನೆ. ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ನನ್ನಿಂದ ಯಾರೂ ನಿರೀಕ್ಷಿಸಬೇಡಿ.

ನೋಡಲು ಕೆಟ್ಟವರಂತೆ ಇರಲಿಲ್ಲ. ಇದ್ದಿದ್ದರೆ ನಮ್ಮ ಅರ್ಧ ಕಷ್ಟ ಕಳೆಯುತ್ತಿತ್ತು. ಕುಳ್ಳಗೆ, ದುಂಡಗೆ, ಹಣೆಯ ಮೇಲೆ ತೆಳ್ಳಗೆ ವಿಭೂತಿ ಎಳೆದುಕೊಂಡು, ಮದುವೆಮನೆಯಲ್ಲಿ ಎಲ್ಲರನ್ನೂ ಊಟಕ್ಕೆ ಎಬ್ಬಿಸುವ ಹಿರಿಯರ ಹಾಗೆ ಓಡಾಡುತ್ತಿದ್ದರು. ಮಾತನಾಡುವಾಗ ಎದುರಿಗಿದ್ದವನ ಮೊಣಕೈಯನ್ನು ಮೆಲ್ಲಗೆ ಹಿಡಿದುಕೊಳ್ಳುವುದು ಅವರ ಅಭ್ಯಾಸ. ಹೆಂಗಸರ ಮೊಣಕೈ ಮುಟ್ಟುತ್ತಿರಲಿಲ್ಲ, ಅವರ ಮಗುವಿನ ಹೆಸರು ಹಿಡಿದು ಮಾತನಾಡಿಸುತ್ತಿದ್ದರು. ಎರಡರಿಂದಲೂ ಬಿಡಿಸಿಕೊಳ್ಳುವುದು ಸುಲಭವಿರಲಿಲ್ಲ. ಅವರು ಯಾರನ್ನಾದರೂ ಬೈದದ್ದನ್ನು ಯಾರೂ ಕೇಳಿಲ್ಲ. ಬೈಯುವುದಕ್ಕೆ ಸಂಬಳ ಕೊಟ್ಟು ಸೂಪರ್‌ವೈಸರುಗಳನ್ನು ಇಟ್ಟಿದ್ದರು.

ಹೊಲಿಗೆ ವಿಭಾಗದಲ್ಲಿ ಬಹುಪಾಲು ಹೆಂಗಸರೇ. ಬೆಳಗಿನಿಂದ ಸಂಜೆಯವರೆಗೆ ನಿಂತುಕೊಂಡೇ ಮೆಷಿನ್ನು. ಟಾಯ್ಲೆಟ್ಟಿಗೆ ಹೋಗಲು ಲೈನಿಗೊಂದು ಟೋಕನ್ ಮಾಡಿದ್ದು ಇವರೇ. ಟೋಕನ್ ಒಬ್ಬಳ ಕೈಯಲ್ಲಿದ್ದರೆ ಉಳಿದವರು ಕಾಯಬೇಕು. ಅದನ್ನು ಜಾರಿಗೆ ತಂದ ದಿನ ಎಲ್ಲರನ್ನೂ ಸೇರಿಸಿ, ಕೈ ಮುಗಿದು, "ತಾಯಂದಿರೇ, ಇದು ನಿಮ್ಮೊಳಗೆ ಜಗಳ ಆಗದೇ ಇರಲಿ ಅಂತ" ಎಂದು ತಮಿಳಿನಲ್ಲಿ ವಿವರಿಸಿದರು. ಟೋಕನ್ನಿಗೆ ಗುಲಾಬಿ ಬಣ್ಣ ಹೊಡೆಸಿದ್ದರು, ಹೆಂಗಸರಿಗೆ ಇಷ್ಟವಾಗುತ್ತದೆ ಎಂದು. ಸೆಲ್ವಿ ಎಂಬ ಹೊಲಿಗೆಯವಳು ಈ ಕಾಯುವ ರಗಳೆಯೇ ಬೇಡವೆಂದು ಡ್ಯೂಟಿಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಳು. ಕೊನೆಗೆ ಉರಿಮೂತ್ರ, ಚಳಿಜ್ವರ ಬಂದು ಸರ್ಕಾರಿ ಆಸ್ಪತ್ರೆ ಸೇರಿದಳು. ಅವರು ಅಲ್ಲಿಗೆ ಎಳನೀರು ಕಳಿಸಿದರು. ಜೊತೆಗೆ, ನೀರು ಚೆನ್ನಾಗಿ ಕುಡಿಯಬೇಕಮ್ಮಾ ಎಂದು ಬುದ್ಧಿಮಾತು ಹೇಳಿ ಕಳಿಸಿದರು.

ಅವರ ಭಾಷೆಗಳ ಬಗ್ಗೆ ಹೇಳಲೇಬೇಕು. ತಮಿಳು, ತೆಲುಗು, ಉರ್ದು, ಕನ್ನಡ, ಎಲ್ಲವೂ ಅವರಿಗೆ ತಾಯಿಭಾಷೆಯೇ. ತೆಲುಗಿನವರ ಹತ್ತಿರ ತಮ್ಮ ತಾಯಿ ನೆಲ್ಲೂರಿನವರು ಅನ್ನುತ್ತಿದ್ದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಬಾಷಾನ ಹತ್ತಿರ ಉರ್ದುವಿನಲ್ಲಿ ಮಾತಿಗಿಳಿದರೆ, ಆಂಬೂರಿನ ಯಾವುದೋ ಗಲ್ಲಿಯಲ್ಲಿ ಇಬ್ಬರೂ ಒಟ್ಟಿಗೆ ಗೋಲಿ ಆಡಿದವರಂತೆ ಕಾಣುತ್ತಿದ್ದರು. ನನ್ನ ಹತ್ತಿರ ಪುಸ್ತಕದಂಥ ಮೈಸೂರು ಕನ್ನಡ. "ಏನಪ್ಪಾ, ಹೇಗಿದ್ದೀಯ? ಊಟ ಆಯಿತೇ?" ಎಂದು ಕೇಳುತ್ತಿದ್ದರು. ಅವರ ನಿಜವಾದ ಊರು ಯಾವುದು, ಮನೆಯಲ್ಲಿ ಹೆಂಡತಿಯನ್ನು ಯಾವ ಭಾಷೆಯಲ್ಲಿ ಕರೆಯುತ್ತಿದ್ದರು ಎನ್ನುವುದು ನಮಗೆ ಯಾರಿಗೂ ಕೊನೆಯವರೆಗೂ ತಿಳಿಯಲಿಲ್ಲ.

"ನಾನು ಇಷ್ಟು ವರ್ಷದಲ್ಲಿ ಒಬ್ಬರನ್ನೂ ಕೆಲಸದಿಂದ ತೆಗೆದಿಲ್ಲ" ಎಂದು ಹೇಳಿಕೊಳ್ಳುತ್ತಿದ್ದರು. "ಅವರೇ ಬಿಟ್ಟು ಹೋಗುತ್ತಾರೆ. ಹೋಗುವವರನ್ನು ಹಿಡಿದಿಟ್ಟುಕೊಳ್ಳಲು ನಾನು ಯಾರು?" ಅದು ಸುಳ್ಳಲ್ಲ. ಹೇಗೆ ಸುಳ್ಳಲ್ಲ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಹೊಲಿಗೆಯಲ್ಲಿ ಒಬ್ಬ ಹುಡುಗಿ ಬಸುರಿಯಾದಳು. ಕೂತು ಕೆಲಸ ಮಾಡಲು ಒಂದು ಸ್ಟೂಲ್ ಕೇಳಿದಳು. ಸ್ಟೂಲ್ ಕೊಟ್ಟರೆ ನಾಳೆ ಎಲ್ಲರಿಗೂ ಕೊಡಬೇಕು, ಹೆರಿಗೆಗೆ ಸಂಬಳದ ರಜೆಯನ್ನೂ ಕೊಡಬೇಕು. ಅವರು ಇಲ್ಲ ಎನ್ನಲಿಲ್ಲ. ಅವಳ ಸೀಮಂತದ ದಿನ ಹಣ್ಣು, ಹೂವು, ಗಾಜಿನ ಬಳೆ ಹಿಡಿದು ಮನೆಗೆ ಹೋದರು. ಬಗೆಬಗೆಯ ಅನ್ನವನ್ನು ಹೊಗಳಿ ಹೊಗಳಿ ಉಂಡರು. ಎಲೆಯಡಿಕೆ ಹಾಕಿಕೊಳ್ಳುತ್ತಾ ಹುಡುಗಿಯ ಅತ್ತೆಗೆ, ಆ ಶೂ ಅಂಟಿನ ವಾಸನೆ ಹೊಟ್ಟೆಯೊಳಗಿನ ಕೂಸಿನ ತಲೆಗೆ ಹೋಗುತ್ತದಂತಮ್ಮಾ, ನನ್ನ ಸ್ವಂತ ಮಗಳಾಗಿದ್ದರೆ ನಾನು ಕಳಿಸುತ್ತಿರಲಿಲ್ಲ ಎಂದು ಕಣ್ಣೊದ್ದೆ ಮಾಡಿಕೊಂಡು ಹೇಳಿದರು. ಅತ್ತೆ ಅಂದೇ ಸೊಸೆಯಿಂದ ರಾಜೀನಾಮೆ ಬರೆಸಿದಳು. ಆ ಮನೆಯಲ್ಲಿ ಅವರನ್ನು ದೇವರಂಥವರು ಎಂದು ಎಷ್ಟೋ ದಿನ ಕೊಂಡಾಡಿದರು. ಹುಡುಗಿ ಹೆರಿಗೆಯಾದ ಮೇಲೆ ಮತ್ತೆ ಕೆಲಸ ಕೇಳಿಕೊಂಡು ಬಂದಾಗ, ಹೊಸಬಳೆಂದು ಬರೆದುಕೊಂಡು ಮೊದಲ ದಿನದ ಕೂಲಿಗೆ ಸೇರಿಸಿಕೊಂಡರು. ಮಗುವಿಗೆ ಒಂದು ಜೊತೆ ಪುಟ್ಟ ಶೂ ಕೊಟ್ಟರು.

ಯೂನಿಯನ್ ಕಟ್ಟೋಣ ಎಂದು ಮೊದಲು ಹೇಳಿದ್ದು ಸೆಲ್ವಿ. ಆಸ್ಪತ್ರೆಯಿಂದ ಬಂದ ಮೇಲೆ ಅವಳ ಬಾಯಿ ಇನ್ನೂ ಹರಿತವಾಗಿತ್ತು. ಯೂನಿಯನ್ ರಿಜಿಸ್ಟರ್ ಮಾಡಿಸಲು ಮುಂದೆ ನಿಂತು ಸಹಿ ಹಾಕುವ ಏಳು ಜನ ಬೇಕು. ಅರ್ಜಿ ಸರ್ಕಾರದ ಕೈ ಸೇರುವ ಮೊದಲು ಆ ಏಳು ಜನ ಯಾರೆಂದು ಕಂಪನಿಗೆ ಗೊತ್ತಾದರೆ ಮುಗಿಯಿತು. ಸೆಲ್ವಿ, ಬಾಷಾ, ನಾನು, ಇನ್ನು ನಾಲ್ವರು ಒಪ್ಪಿದೆವು. ನನ್ನನ್ನು ಸೆಕ್ರೆಟರಿ ಮಾಡಿದರು. ಸೆಲ್ವಿ ಎಲ್ಲರ ಮನೆಗೂ ಒಂದು ಕಟ್ಟಪ್ಪಣೆ ಮಾಡಿದಳು: ಸಾರ್ ಬಂದರೆ ಒಲೆ ಹಚ್ಚಬಾರದು. ಕಾಫಿ ಇಲ್ಲ, ಮಜ್ಜಿಗೆ ಇಲ್ಲ, ನೀರೂ ಇಲ್ಲ. ಮನೆಗೆ ಬಂದವರಿಗೆ ನೀರು ಕೊಡದೇ ಇರುವುದು ನಮ್ಮ ಹೆಂಗಸರಿಗೆ ಸ್ಟ್ರೈಕ್ ಮಾಡುವುದಕ್ಕಿಂತ ಕಷ್ಟದ ಕೆಲಸ. ಆದರೂ ಮಾಡಿದರು. ಒಂದೆರಡು ಮನೆಗಳ ಬಾಗಿಲಿಂದ ಅವರು ಒಣಗಿದ ಬಾಯಲ್ಲಿ ವಾಪಸ್ಸು ಹೋದದ್ದನ್ನು ನಾವು ಹಬ್ಬದಂತೆ ಹೇಳಿಕೊಂಡು ನಕ್ಕೆವು.

ಗುಟ್ಟಿನ ಸಭೆಗಳಿಗೆ ನಮ್ಮ ಮನೆಯನ್ನು ಆರಿಸಿದ್ದೂ ಸೆಲ್ವಿಯೇ. ಕಾರಣ ನನ್ನ ಅವ್ವ. "ಅಮ್ಮಾವುಕ್ಕು ತಮಿಳ್ ತೆರಿಯಾದೇ" ಎಂದು ನಕ್ಕಳು. ಅಮ್ಮನಿಗೆ ತಮಿಳು ಬಾರದು, ಇಲ್ಲಿಂದ ಒಂದು ಮಾತೂ ಆಚೆ ಹೋಗುವುದಿಲ್ಲ ಎಂದು.

ಅವ್ವ ಕೊಳ್ಳೇಗಾಲದ ಕಡೆಯವಳು. ಅಪ್ಪ ಕ್ರೋಂಪೇಟೆಯ ಚರ್ಮ ಹದ ಮಾಡುವ ಕಾರ್ಖಾನೆಗೆ ಬಂದ ಕಾಲದಲ್ಲಿ ಅವನ ಹಿಂದೆ ಬಂದಳು. ನಾನು ಅಜ್ಜಿಯ ಊರಲ್ಲಿ ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಆಮೇಲೆ ಇಲ್ಲಿ ಸೇರಿಕೊಂಡೆ. ಅಪ್ಪ ಕೆಮ್ಮಿ ಕೆಮ್ಮಿ ಸತ್ತ ಮೇಲೆ ಅವಳ ಜೊತೆ ಕನ್ನಡದಲ್ಲಿ ನಾಲ್ಕು ಮಾತನಾಡುವವನು ನಾನೊಬ್ಬನೇ ಉಳಿದೆ. ನಾನೋ ಕೆಲಸದಿಂದ ಬಂದು ಗೋಡೆಗೊರಗಿ ತೂಕಡಿಸುವವನು. ನನ್ನ ಹೆಂಡತಿ ತಮಿಳಿನವಳು. ಮಗಳು ಅಜ್ಜಿಯ ಕನ್ನಡ ಅರ್ಥ ಮಾಡಿಕೊಂಡು ತಮಿಳಿನಲ್ಲಿ ಉತ್ತರ ಕೊಡುವವಳು. ಅವ್ವನ ಬಾಯಿಗೆ ಬರುತ್ತಿದ್ದ ತಮಿಳೆಂದರೆ ಬೇಕು, ಬೇಡ, ಎಷ್ಟು, ಇಷ್ಟೇ. ತರಕಾರಿಯವಳ ಹತ್ತಿರ ಅರ್ಧ ಮಾತನ್ನು ಕೈಯಲ್ಲೇ ಆಡುತ್ತಿದ್ದಳು. ಭಾನುವಾರ ನಮ್ಮವರು ಬಂದರೆ ಮಾತ್ರ ಅವಳಿಗೆ ಜೀವ ಬರುತ್ತಿತ್ತು. ಭಾಷೆ ಬಾರದಿದ್ದರೂ ಎಲ್ಲರಿಗೂ ಮುದ್ದೆ ಬಡಿಸುತ್ತಿದ್ದಳು. ಬಾಷಾ ಮೊದಮೊದಲು ಅಗಿದು ಒದ್ದಾಡುತ್ತಿದ್ದ, ಅವ್ವ ತಾನೇ ತುತ್ತು ನುಂಗಿ ತೋರಿಸಿ ಕಲಿಸಿದಳು. ಆರು ಜನರ ಹೆಸರನ್ನೂ ಕಲಿತುಕೊಂಡಿದ್ದಳು. ಅಕ್ಕಪಕ್ಕದವರು ನಾವೆಲ್ಲ ಪಳನಿಗೆ ಪಾದಯಾತ್ರೆ ಹೋಗಲು ತಯಾರಿ ನಡೆಸಿದ್ದೇವೆ ಎಂದುಕೊಂಡಿದ್ದರು.

ಅವ್ವನಿಗೂ ನಾನು ಹೇಳಿಟ್ಟಿದ್ದೆ, ಕಂಪನಿಯ ಸಾರ್ ಯಾರಾದರೂ ಬಂದರೆ ಬಾಗಿಲು ತೆಗೆಯಬೇಡ ಎಂದು. ಒಮ್ಮೆ ಒಬ್ಬ ಸೂಪರ್‌ವೈಸರ್ ಬಂದು ತಮಿಳಿನಲ್ಲಿ ನನ್ನ ಹೆಸರು ಹಿಡಿದು ಕೂಗಿದಾಗ ಚಿಲಕ ಹಾಕಿಕೊಂಡು ಒಳಗೇ ಕೂತಿದ್ದಳು. ಆಮೇಲೆ ಅದನ್ನು ನನಗೆ ಹೆಮ್ಮೆಯಿಂದ ವರದಿ ಮಾಡಿದ್ದಳು.

ಅವರು ಬಂದದ್ದು ನಾನು ಡ್ಯೂಟಿಯಲ್ಲಿದ್ದ ದಿನ. ಆ ಡ್ಯೂಟಿ ಹಾಕಿದ್ದೂ ಅವರೇ. ನನ್ನ ಹೆಂಡತಿ ಕೆಲಸಕ್ಕೆ, ಮಗಳು ಶಾಲೆಗೆ ಹೋಗಿದ್ದರು. ಸಂಜೆ ನಾನು ಬಂದಾಗ ಅವ್ವ ಒಗೆದ ಸೀರೆ ಉಟ್ಟು ಹೊಸ್ತಿಲಲ್ಲೇ ಕಾಯುತ್ತಿದ್ದಳು. ಅಷ್ಟು ಲವಲವಿಕೆಯಲ್ಲಿ ನಾನು ಅವಳನ್ನು ನೋಡಿ ವರ್ಷಗಳಾಗಿದ್ದವು.

"ನಮ್ಮೋರೊಬ್ರು ಬಂದಿದ್ರು ಕಣಪ್ಪ ಮನೆಗೆ" ಅಂದಳು. "ಹನೂರ್ ತಾವ್ಲೋರು. ಬಾಗ್ಲಲ್ ನಿಂತ್ಕಂಡು 'ಅವ್ವಾ, ವಸಿ ನೀರ್ ಕೊಡವ್ವ' ಅಂದ್ರು. ಎಲ್ಲಿಂದ ಬಂತಪ್ಪ ಈ ಮಾತು ಅಂತ ಓಡ್ ಬಂದೆ. ಅವರೆಕಾಯಿ ತಂದಿದ್ರು ಕಣ. ಕೂತ್ಕಂಡು ನನ್ ಜೊತೆ ಅವ್ರೂ ಸುಲುದ್ರು. ಮುದ್ದೆ ಇಕ್ಕುದ್ರೆ ಅಗೀನಿಲ್ಲ, ಗುಳುಂ ಅಂತ ನುಂಗುದ್ರು. ನಮ್ಮವ್ವನ್ ಕೈ ಊಟ ಉಂಡಂಗಾಯ್ತು ಅಂದ್ರು."

"ಯಾರವ್ವ? ಹೆಸರೇನಂತೆ?" ಅಂದೆ. ನನಗೆ ಆಗಲೇ ಗೊತ್ತಾಗಿತ್ತು. ಹಣೆಯಲ್ಲಿ ವಿಭೂತಿ ಇತ್ತೇ ಎಂದು ಕೇಳಿದೆ. ಇತ್ತು ಅಂದಳು.

"ಅವ್ವಾ, ಕಂಪನಿ ಸಾರ್ ಬಂದ್ರೆ ಬಾಗಿಲು ತೆಗೀಬೇಡ ಅಂದಿದ್ನಲ್ಲ."

"ಕಂಪನಿ ಸಾರ್ ಅಂದಿದ್ದೆ ನೀನು. ಇವ್ರು ನಮ್ಮೋರು ಕಣಪ್ಪ."

ಇಬ್ಬರೂ ಒಬ್ಬರೇ ಆಗಿರಬಹುದು ಎನ್ನುವುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಈ ಊರಿನಲ್ಲಿ ಅವಳಿಗೆ ಕೇಡು ಮಾಡಿದವರೆಲ್ಲ ತಮಿಳಿನಲ್ಲೇ ಮಾಡಿದ್ದರು. ಕನ್ನಡದಲ್ಲಿ ಬಂದದ್ದೆಲ್ಲ ಊರಿನಿಂದ ಬಂದದ್ದು, ಊರಿನಿಂದ ಬಂದದ್ದೆಲ್ಲ ಒಳ್ಳೆಯದು, ಅಷ್ಟೇ ಅವಳ ಲೆಕ್ಕ.

ಏನೇನು ಮಾತಾಡಿದಿರಿ ಎಂದು ಕೇಳಿದೆ. ಎಲ್ಲವನ್ನೂ ಸಂತೋಷದಿಂದ ಒಪ್ಪಿಸಿದಳು. ಭಾನುವಾರ ಮನೆ ತುಂಬಾ ಜನ ಅಂತೆ, ಇಷ್ಟು ವಯಸ್ಸಾದರೂ ಎಲ್ಲರಿಗೂ ಬಡಿಸುತ್ತೀಯಂತಲ್ಲವ್ವ, ಯಾರ್ಯಾರವ್ವ ಆ ಪುಣ್ಯವಂತರು ಎಂದು ಅವರು ಕೇಳಿದ್ದರು. ಸೆಲ್ವಿಗೆ ಖಾರ ಆಗದು, ಬಾಷಾನಿಗೆ ಸೊಪ್ಪಿನ ಸಾರು ಇಷ್ಟ ಎಂದು ಶುರು ಮಾಡಿ ಅವ್ವ ಒಬ್ಬೊಬ್ಬರ ಹೆಸರನ್ನೂ ಅವರವರ ರುಚಿಯ ಜೊತೆ ಹೇಳಿದ್ದಳು. "ಅಷ್ಟ್ ಜನ್ವೂ ನನ್ ಮಗನ್ ಮಾತ್ ಕೇಳ್ತರೆ ಅಂದೆ. ತಪ್ಪಾ?" ಎಂದು ನನ್ನ ಮುಖ ನೋಡಿದಳು. ಇಲ್ಲವ್ವ ಅಂದೆ.

ಆಮೇಲೆ ಅವರು ಊಟಕ್ಕೆ ಹೊರಟರು. ಒಬ್ಬನ ಮಾವನ ಮನೆಯಲ್ಲಿ ಇಡ್ಲಿ, ಮತ್ತೊಬ್ಬನ ಅಣ್ಣನ ಮನೆಯಲ್ಲಿ ಮೀನು. ಒಲೆ ಹಚ್ಚದ ಮನೆಗಳನ್ನು ಬಿಟ್ಟು ಆ ಮನೆಯವರ ನೆಂಟರ ಮನೆಗಳನ್ನು ಹಿಡಿದರು. ಬಾಷಾನ ತಾಯಿಗೆ, ನಿಮ್ಮ ಮಗನ ಬಗ್ಗೆ ಪೊಲೀಸರು ವಿಚಾರಿಸುತ್ತಿದ್ದರು, ಈ ಕಾಲದಲ್ಲಿ ನಿಮ್ಮ ಜನಕ್ಕೆ ಇಂಥದ್ದೆಲ್ಲ ಯಾಕೆ ಬೇಕು ಎಂದು ಉರ್ದುವಿನಲ್ಲಿ ಅಕ್ಕರೆಯಿಂದ ಹೇಳಿದರು. ಯಾವ ಪೊಲೀಸರೂ ವಿಚಾರಿಸಿರಲಿಲ್ಲ. ಆ ತಾಯಿ ಮಗನ ಕಾಲು ಹಿಡಿದಳು. ಅಲ್ಲಿಗೆ ಬಾಷಾ ಮುಗಿದ.

ಸೆಲ್ವಿ ಮಾತ್ರ ಬಾಗಿಲಲ್ಲೇ ನಿಲ್ಲಿಸಿದಳು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮೇಲಿನ ಮನೆಯಲ್ಲಿದ್ದ ಅವಳ ಅತ್ತೆಯ ಹತ್ತಿರ ಹೋಗಿ ಮಜ್ಜಿಗೆ ಕುಡಿದರು. ನಿಮ್ಮ ಸೊಸೆ ಪ್ರತಿ ಭಾನುವಾರ ಗಂಡಸರ ಜೊತೆ ಯಾರ ಮನೆಗೆ ಹೋಗುತ್ತಾಳಮ್ಮಾ, ನಿಮಗೆ ಗೊತ್ತಿರಬೇಕಲ್ಲ ಎಂದು ಒಂದೇ ಒಂದು ಪ್ರಶ್ನೆ ಕೇಳಿ ಎದ್ದುಬಂದರು. ಮರುದಿನ ಸೆಲ್ವಿ ಬಾತುಕೊಂಡ ಮುಖದಲ್ಲಿ ಬಂದು ರಾಜೀನಾಮೆಗೆ ಸಹಿ ಹಾಕಿದಳು. ಒಂದು ಕಣ್ಣು ಮುಚ್ಚಿಹೋಗಿತ್ತು. ಅವರು "ಐಯೋ, ಎನ್ನಮ್ಮಾ ಆಚ್ಚು?" ಏನಾಯಿತಮ್ಮಾ ಎಂದು ಕುರ್ಚಿಯಿಂದ ಎದ್ದು ನಿಂತು, ಕಾರ್ಖಾನೆಯ ನರ್ಸಿನಿಂದ ಅವಳ ಮುಖಕ್ಕೆ ಮುಲಾಮು ಹಚ್ಚಿಸಿ ಕಳಿಸಿದರು.

ಆರು ಜನರೂ ಹೋದರು. ನನ್ನನ್ನು ಅವರು ಮುಟ್ಟಲಿಲ್ಲ. ಸೆಲ್ವಿ ಸಹಿ ಹಾಕಿದ ದಿನವೇ, ಅವಳು ಗೇಟು ದಾಟುವ ಮೊದಲೇ, ನನಗೆ ಲೈನ್ ಸೂಪರ್‌ವೈಸರ್ ಆಗಿ ಬಡ್ತಿ ಕೊಟ್ಟಿರುವ ನೋಟೀಸು ಬೋರ್ಡಿಗೆ ಬಂತು. ಸೆಲ್ವಿ ಅದನ್ನು ಒಂದೇ ಕಣ್ಣಿನಲ್ಲಿ ನಿಂತು ಓದಿದಳು. ನಾನು ಅವಳನ್ನು ಕೂಗುತ್ತಾ ಹಿಂದೆ ಓಡಿದೆ, ತಿರುಗಿ ನೋಡಲಿಲ್ಲ.

ನಾನು ನೇರ ಅವರ ಕೋಣೆಗೆ ನುಗ್ಗಿದೆ. ಏನು ಕೂಗಾಡಿದೆನೋ ನೆನಪಿಲ್ಲ. ಅವರು ಬಂದು ನನ್ನ ಮೊಣಕೈ ಹಿಡಿದುಕೊಂಡರು.

"ನಿಮ್ಮ ತಾಯಿ ತುಂಬಾ ಒಳ್ಳೆಯವರು ಕಣಪ್ಪ" ಅಂದರು. "ನಾನು ಯಾರಿಗೂ ಹೇಳಿಲ್ಲ, ಅವರಿಂದ ತಿಳಿಯಿತು ಅಂತ. ಹೇಳುವುದೂ ಇಲ್ಲ. ನಿನಗೆ ಬೇಕಾದರೆ ನೀನು ಹೋಗಿ ಹೇಳು. ಸೆಲ್ವಿಗೆ ಹೇಳು, ಬಾಷಾನಿಗೆ ಹೇಳು. ನಮ್ಮ ಅವ್ವನೇ ನಿಮ್ಮನ್ನೆಲ್ಲ ಬೀದಿಗೆ ಹಾಕಿದ್ದು ಅಂತ ಹೇಳಿ ನೀನು ಒಳ್ಳೆಯವನಾಗು. ನಾನು ಬೇಡ ಅನ್ನುವುದಿಲ್ಲ."

ಅಷ್ಟು ಹೇಳಿ ಊಟ ಆಯಿತೇ ಎಂದು ಕೇಳಿದರು. ನಾನು ಮರುದಿನವೇ ಕೆಲಸ ಬಿಟ್ಟೆ. ಸಗಟು ಪೇಟೆಯಾದ ಪ್ಯಾರೀಸ್ ಕಾರ್ನರಿನ ಒಂದು ಅಂಗಡಿಯಲ್ಲಿ ಗೋಡೌನ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅದಕ್ಕೂ ಅವರ ಹತ್ತಿರ ಮದ್ದಿತ್ತು. "ನಿಮ್ಮ ಸೆಕ್ರೆಟರಿ ಆಸೆಪಟ್ಟ ಅಂತ ಪ್ಯಾರೀಸ್ ಕಾರ್ನರಿನಲ್ಲಿ ನಾನೇ ಹೇಳಿ ಕೆಲಸ ಕೊಡಿಸಿದೆ" ಎಂದು ಸೆಲ್ವಿಯ ಗಂಡನಿಗೆ ಹೇಳಿದರಂತೆ. ಅಲ್ಲಿಗೆ ಆರು ಮನೆಗಳಲ್ಲೂ ನನ್ನ ಹೆಸರು ದ್ರೋಹಿ ಎಂದಾಯಿತು. ಬಾಷಾ ಒಮ್ಮೆ ಲೋಕಲ್ ಟ್ರೈನಿನಲ್ಲಿ ಎದುರಾದ. ನನ್ನನ್ನು ನೋಡಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೇರೆ ಡಬ್ಬಿ ಹತ್ತಿದ. ಆ ಡಬ್ಬಿಯ ಬಾಗಿಲಲ್ಲಿ ಜನ ಜೋತಾಡುತ್ತಿದ್ದರು, ಆದರೂ ಹತ್ತಿದ.

ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಸೆಲ್ವಿ ನಮ್ಮ ಮನೆಯ ಬಾಗಿಲಿಗೆ ಬಂದು ಅವ್ವನ ಮುಖಕ್ಕೆ ಉಗಿಯುತ್ತಿದ್ದಳೇ? ಉಗಿಯುತ್ತಿದ್ದಳು. ಅವಳ ಬಾಯಿ ನನಗೆ ಗೊತ್ತು. ಅವ್ವ ಒಂದೆರಡು ಭಾನುವಾರ ದೊಡ್ಡ ಪಾತ್ರೆಗೇ ಎಸರಿಟ್ಟಳು. "ಯಾಕಪ್ಪ, ಮಕ್ಳು ಬರ್ನಿಲ್ಲ?" ಎಂದು ಕೇಳಿದಳು. ಅವರಿಗೆಲ್ಲ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿದೆ ಅಂದೆ. ಓ ಹಂಗಾ ಅಂದಳು. ಆಮೇಲೆ ಕೇಳಲಿಲ್ಲ. ನನ್ನ ಸುಳ್ಳು ನಿಂತಿತು ಎಂದುಕೊಂಡೆ.

ಅವರ ನಿವೃತ್ತಿಯ ದಿನ ಕಾರ್ಖಾನೆಯಲ್ಲಿ ಹೆಂಗಸರು ಅತ್ತರಂತೆ. ಅಚ್ಚರಿಯೇನಿಲ್ಲ. ಅವರ ಜಾಗಕ್ಕೆ ಬಂದವನು ಊಟಕ್ಕೆ ಬರುವುದಿಲ್ಲ, ಕೆಲಸ ಹೋಯಿತು ಎಂದು ಫೋನಿಗೆ ಮೆಸೇಜು ಕಳಿಸುತ್ತಾನೆ. ಅವರಿದ್ದಾಗ ಒಂದು ಪ್ರೀತಿ ಇತ್ತು ಎಂದು ಈಗಿನವರು ನೆನೆಸಿಕೊಳ್ಳುತ್ತಾರಂತೆ. ಕಡಿಯುವ ಮೊದಲು ಕುರಿಯ ಮೈ ಸವರುವವನ ಕೈಯನ್ನು ಕುರಿ ನೆನೆಸಿಕೊಂಡಂತೆ.

ಆಮೇಲೆ ಅವರನ್ನು ಒಮ್ಮೆ ಮಾತ್ರ ಕಂಡೆ, ಪುರಸೈವಾಕ್ಕಂನ ಬಟ್ಟೆ ಅಂಗಡಿಯಲ್ಲಿ. ಅವರ ಮನೆ ಅಲ್ಲೇ ಹತ್ತಿರ. ಮಗಳಿಗೆ ಲಂಗ ಕೊಳ್ಳಲು ಹೋಗಿದ್ದೆ. ಸೀರೆಯ ಕೌಂಟರಿನ ಮುಂದೆ ಕೂತು, ಹಿಂದೆ ನಿಂತಿದ್ದ ಹುಡುಗಿಯರಿಗೆ ತಮಿಳಿನಲ್ಲಿ ಪಾಠ ಮಾಡುತ್ತಿದ್ದರು. ಯಾಕಮ್ಮಾ ನಿಂತಿದ್ದೀರಿ, ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರಲು ಸ್ಟೂಲ್ ಕೊಡಬೇಕೆಂದು ಈಗ ಕಾನೂನೇ ಇದೆ, ನಿಮ್ಮ ಮಾಲೀಕರನ್ನು ಕೇಳಿ ಪಡೆದುಕೊಳ್ಳಿ, ಹೆದರಬೇಡಿ ಎಂದು. ಹುಡುಗಿಯರು ಕಣ್ಣರಳಿಸಿ ಕೇಳುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿದು, ಹನೂರಿನ ಮಾತಿನಲ್ಲಿ, "ಅವ್ವ ಚೆಂದಾಗವ್ರಾ?" ಎಂದು ಕೇಳಿದರು. ನಾನು ಲಂಗ ಕೊಳ್ಳದೆ ಹೊರಗೆ ಬಂದೆ. ಮಗಳು ದಾರಿಯುದ್ದಕ್ಕೂ ಅತ್ತಳು.

ಸತ್ತ ಸುದ್ದಿ ಹಳೆಯ ಕೆಲಸಗಾರರ ವಾಟ್ಸಾಪ್ ಗುಂಪಿಗೆ ಬಂತು. ಆ ಗುಂಪಿನಲ್ಲಿ ನನ್ನನ್ನು ಇಟ್ಟುಕೊಂಡಿದ್ದಾರೆ, ನನ್ನ ಮೆಸೇಜಿಗೆ ಮಾತ್ರ ಯಾರೂ ಉತ್ತರಿಸುವುದಿಲ್ಲ. ಸಾಲುಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಯಾರೋ ಒಬ್ಬರು ನಗುವ ಮುಖ ಹಾಕಿ ತಕ್ಷಣ ಅಳಿಸಿದರು. ಮಗಳು ಅದನ್ನು ಓದಿ ಅಜ್ಜಿಗೆ ತಮಿಳಿನಲ್ಲಿ ಹೇಳಿಬಿಟ್ಟಳು, ಅಪ್ಪನ ಹಳೆಯ ಕಂಪನಿಯ ಸಾರ್ ಹೋಗಿಬಿಟ್ಟರಂತೆ ಎಂದು. ಅವ್ವ ಎದ್ದು ಸೀರೆ ಬದಲಾಯಿಸಿದಳು.

"ನಡಿ, ಮೊಕ ನೋಡ್ಬುಟ್ ಬರವ" ಅಂದಳು.

"ಬೇಡವ್ವ. ಯಾಕೆ ಸುಮ್ಮನೆ?"

"ನನ್ ಮನೇಲಿ ಉಂಡೋನು. ನಾ ಹೋಗ್ಬೇಕು."

ಬಾಗಿಲಲ್ಲಿ ನಿಂತವಳು ಕದಲಲಿಲ್ಲ. ಪಾಪ, ಅವಳಿಗೇನು ಗೊತ್ತು, ನಮ್ಮೂರಿನವನೊಬ್ಬ ಹೋದ ಎಂದು ಸಂಕಟಪಡುತ್ತಿದ್ದಾಳೆ ಎಂದುಕೊಂಡು ಆಟೋ ಮಾಡಿಸಿದೆ.

ಬೀದಿಗೆ ಶಾಮಿಯಾನ ಹಾಕಿದ್ದರು. ಗಾಜಿನ ಪೆಟ್ಟಿಗೆಯೊಳಗೆ, ತಣ್ಣಗೆ, ಗುಲಾಬಿ ಹಾರಗಳ ನಡುವೆ ಅವರು ಮಲಗಿದ್ದರು. ಆಗಲೂ ಊಟ ಮುಗಿಸಿದವರ ತೃಪ್ತಿಯೇ ಮುಖದಲ್ಲಿತ್ತು. ಪೆಟ್ಟಿಗೆಯ ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದರು. ಕುರ್ಚಿಗಳ ಕೊನೆಯ ಸಾಲಿನಲ್ಲಿ ಬಾಷಾ ಇದ್ದ, ಗಡ್ಡ ಬೆಳ್ಳಗಾಗಿತ್ತು. ಅವನ ಪಕ್ಕದಲ್ಲಿ ಸೆಲ್ವಿ. ಅವರು ಯಾಕೆ ಬಂದರು ಎಂದು ಕೇಳಬೇಕಾಗಿಲ್ಲ. ನಿಜವಾಗಿಯೂ ಹೋದರೋ ಇಲ್ಲವೋ ಎಂದು ಕಣ್ಣಾರೆ ನೋಡಿಕೊಳ್ಳಲು ಬಂದಿದ್ದರು. ನನ್ನನ್ನು ನೋಡಿ ಇಬ್ಬರೂ ಮುಖ ತಿರುಗಿಸಿದರು.

ಅವ್ವ ಪೆಟ್ಟಿಗೆಯ ಹತ್ತಿರ ಹೋಗಿ, ನೆಲಕ್ಕೆ ಕುಕ್ಕರಿಸಿ, ಎದೆ ಬಡಿದುಕೊಂಡು ದೊಡ್ಡ ದನಿಯಲ್ಲಿ ಶುರು ಮಾಡಿದಳು. ಊರಿನಲ್ಲಿ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುತ್ತಾರಲ್ಲ, ಹಾಗೆ.

"ಬಾಗ್ಲಲ್ ನಿಂತ್ಕಂಡು ಅವ್ವಾ ಅಂದ್ಯಲ್ಲೋ ನನ್ನಪ್ಪಾ... ಅವ್ವಾ ಅಂದ ಬಾಯ್ಗೆ ಮುದ್ದೆ ಇಕ್ಕುದ್ನಲ್ಲೋ... ನಮ್ಮೋನು ಅಂತ ನಂಬುದ್ನಲ್ಲೋ... ಸೆಲ್ವಿ ಹೆಸ್ರ ಕೇಳ್ದೆ, ಯೋಳ್ದೆ... ಬಾಷಾನ್ ಹೆಸ್ರ ಕೇಳ್ದೆ, ಯೋಳ್ದೆ... ಒಬ್ಬೊಬ್ರನ್ನೂ ತಿಂದ್ಕಂಡ್ಯಲ್ಲೋ ಪಾಪಿ... ನನ್ ಮನೆಗ್ ಬರೋ ಮಕ್ಳ ಕಾಲ ಮುರ್ದ್ಯಲ್ಲೋ... ನನ್ಗೋಸ್ಕರ ನನ್ ಮಗ ಕಳ್ಳ ಅನ್ನಿಸ್ಕಂಡ್ನಲ್ಲೋ... ಅವ್ನು ಯೋಳ್ನಿಲ್ಲ, ನಾ ಕೇಳ್ನಿಲ್ಲ... ಇಷ್ಟ್ ಸುಕ್ವಾಗಿ ಮನಿಕ್ಕಂಡ್ಯಲ್ಲೋ..."

ಅವಳಿಗೆ ಎಲ್ಲವೂ ಗೊತ್ತಿತ್ತು. ನಾನು ಸುಳ್ಳು ಹೇಳಿದ ದಿನದಿಂದಲೂ ಗೊತ್ತಿತ್ತೋ, ಆಮೇಲೆ ಕೂತು ಯೋಚಿಸಿ ತಿಳಿದುಕೊಂಡಳೋ. ಇಷ್ಟು ವರ್ಷ ನನಗೆ ನೋವಾಗುತ್ತದೆಂದು ಅವಳು, ಅವಳಿಗೆ ನೋವಾಗುತ್ತದೆಂದು ನಾನು, ಒಂದೇ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಬದುಕಿದ್ದೆವು. ಈಗ ಆ ಬೈಗುಳವನ್ನೆಲ್ಲ ಸತ್ತವರ ಮುಖದ ಮೇಲೆ ಸುರಿಯುತ್ತಿದ್ದಳು. ಅಲ್ಲಿದ್ದವರಲ್ಲಿ ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಪಾಪ, ಹಳೆಯ ಕೆಲಸಗಾರರ ಮನೆಯವರು, ಎಷ್ಟು ಪ್ರೀತಿ ನೋಡಿ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಒಬ್ಬ ಫೋನಿನಲ್ಲಿ ವಿಡಿಯೋ ಮಾಡಿಕೊಂಡ. ಅವರ ಹೆಂಡತಿ ಅವ್ವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ತಾವೂ ಬಿಕ್ಕಿದರು.

ಸೆಲ್ವಿ ಎದ್ದು ನನ್ನ ಹತ್ತಿರ ಬಂದಳು. ಹಿಂದೆಯೇ ಬಾಷಾ.

"ಎನ್ ಪೇರ್ ಸೊಲ್ರಾಂಗಳೇ. ಅಮ್ಮಾ ಎನ್ನ ಸೊಲ್ರಾಂಗ?" ಅಂದಳು. ನನ್ನ ಹೆಸರು ಹೇಳುತ್ತಿದ್ದಾರಲ್ಲ, ಅಮ್ಮ ಏನು ಹೇಳುತ್ತಿದ್ದಾರೆ ಎಂದು. ಬಡ್ತಿಯ ನೋಟೀಸು ಓದಿ ಹೋದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಅವಳ ಒಂದು ಕಣ್ಣಿನ ಕೆಳಗೆ ಹಳೆಯ ಗಾಯದ ಗುರುತಿತ್ತು.

ಅವ್ವ ಹೇಳುತ್ತಿದ್ದುದನ್ನು ಇದ್ದದ್ದು ಇದ್ದ ಹಾಗೆ ತಮಿಳಿಗೆ ತಿರುಗಿಸಿದ್ದರೆ ಸಾಕಿತ್ತು. ನಾನು ಕದ್ದು ಹೇಳಿದಂತೆಯೂ ಆಗುತ್ತಿರಲಿಲ್ಲ, ಅವಳೇ ಬಾಯಿಬಿಟ್ಟು ಸಾರುತ್ತಿದ್ದಳು. ನಾನು ಸೆಲ್ವಿಯ ಮುಖ ನೋಡಿದೆ, ಅವ್ವನ ಬೆನ್ನು ನೋಡಿದೆ. "ಸಾರ್ ನಲ್ಲವರು, ಎಲ್ಲಾರುಕ್ಕುಂ ನಲ್ಲದು ಸೆಂಜಾರುನ್ನು ಅಳುರಾಂಗ" ಎಂದು ಹೇಳಿದೆ. ಒಳ್ಳೆಯವರು, ಎಲ್ಲರಿಗೂ ಒಳ್ಳೆಯದು ಮಾಡಿದರು ಅಂತ ಅಳುತ್ತಿದ್ದಾಳೆ ಎಂದು.

"ಉನಕ್ಕು ಸೆಂಜಾರು" ಅಂದಳು ಸೆಲ್ವಿ. ನಿನಗೆ ಮಾಡಿದರು. ನನ್ನ ಕಾಲ ಬಳಿ ಉಗಿದು, ಬಾಷಾನ ತೋಳು ಹಿಡಿದುಕೊಂಡು ಗೇಟಿನ ಕಡೆ ಹೊರಟಳು.

ಅವ್ವನ ಅಳು ನಿಂತಿತು. ಬಾಯಿಗೆ ಬಾರದಿದ್ದರೂ ತಮಿಳು ಇಷ್ಟು ವರ್ಷ ಅವಳ ಕಿವಿಯ ಮೇಲೆ ಬೀಳುತ್ತಲೇ ಇತ್ತು. ತಿರುಗಿ ನನ್ನನ್ನೊಮ್ಮೆ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದಳು, ಈ ಸಲ ತನಗೆ ಬಂದಷ್ಟು ತಮಿಳಿನಲ್ಲಿ.

"ನಾನ್ ದಾನ್ ಸೊನ್ನೇನ್" ಅಂದಳು. ಹೇಳಿದ್ದು ನಾನು. "ಸೆಲ್ವಿ ಪೇರ್ ನಾನ್ ಸೊನ್ನೇನ್. ಬಾಷಾ ಪೇರ್ ನಾನ್ ಸೊನ್ನೇನ್. ಎನ್ ಪಯ್ಯನ್ ಇಲ್ಲೆ. ನಾನ್." ನನ್ನ ಮಗ ಅಲ್ಲ, ನಾನು ಎಂದು.

ಸೆಲ್ವಿ ಗೇಟಿನ ಹತ್ತಿರ ನಿಂತಳು. ಅವರ ಹೆಂಡತಿ ಅವ್ವನ ಕೈಯನ್ನು ಬಿಟ್ಟುಬಿಟ್ಟರು.